ಸೊಟ್ಟ ಕ್ಯಾರಿಯರ್

ಹಳೇಕಾಲದ ಸೊಗಸು ಬರಲೆಂದು ಮಗಳು ಅಪ್ಪ ದ್ಯಾವಣ್ಣನ ಸೈಕಲ್ಲನ್ನು ಅಂಗಡಿಗೆ ಕೊಟ್ಟಳು. ಮೆಕ್ಯಾನಿಕ್ಕು ಸೊಟ್ಟಗಿದ್ದ ಹಳೇ ಕ್ಯಾರಿಯರನ್ನು ಬಿಚ್ಚಿ ಪಕ್ಕದ ಗುಜರಿ ರಾಶಿಗೆಸೆದು, ತುಕ್ಕಿನ ಬಣ್ಣ ಬಳಿದ ಹೊಸದನ್ನು ಕೂರಿಸಿದ.

"ಹಳೇದಾಗಿ ಕಾಣೋದನ್ನ ನನ್ನಿಂದ ಕಲಿ ಅಜ್ಜ," ಎಂದಿತು ಹೊಸದು.

"ಜನರನ್ನ ಹೊತ್ತಿದ್ದೀಯಾ?"

"ನಾನು ಹೊರೋಕಲ್ಲ, ನೋಡೋಕೆ."

ಸೈಕಲ್ ಒಯ್ಯಲು ಬಂದ ದ್ಯಾವಣ್ಣ ತನ್ನನ್ನು ವಾಪಸ್ ಕೇಳುತ್ತಾನೆಂದು ಹಳೇದು ಕಾದಿತ್ತು. ಅವನು ಗುಜರಿಯತ್ತ ನೋಡಲೇ ಇಲ್ಲ. ಕಾಲನ್ನು ಮುಂದಿನ ಕಂಬಿಯ ಮೇಲಿಂದ ದಾಟಿಸಿ ಸೈಕಲ್ ಹತ್ತಿದ.

ಹೊಸದು ನಕ್ಕಿತು. "ಹಿಂದೆ ಖಾಲಿ ಇದೆಯಲ್ಲ, ಹಿಂದಿನಿಂದ ಕಾಲು ಹಾಕಬಾರದಾ?"

"ಅವನ ಹೆಂಡತಿ ಪುಟ್ಟತಾಯಿ ನನ್ನ ಮೇಲೆ ಕೂರ್ತಿದ್ಲು. ಕಾಲು ತಾಗೀತು ಅಂತ ಹಾಗೆ ಹತ್ತೋದು. ಹೋದ ವರ್ಷ ತೀರಿಕೊಂಡ್ಲು."

ಸೈಕಲ್ ಹೊರಟಿತು. ಹೊಸದರ ನಗು ನಿಂತಿತ್ತು. "ಹಾಗಾದರೆ ನಾನೇನು ಮಾಡಲಿ ಅಜ್ಜ?"

"ಗುಂಡಿ ಬಂದಾಗ ಗಟ್ಟಿಯಾಗಿರು," ಎಂದು ರಾಶಿಯಿಂದಲೇ ಕೂಗಿತು ಹಳೇದು. "ಆಯಮ್ಮ ಬೆಚ್ಚಿಬೀಳ್ತಾಳೆ."