ಹನ್ನೊಂದು ಬಗೆಯ ಪುಡಿ

"ಅವ್ವಾ, ಎದುರಿನವಳ ಹತ್ತಿರ ಇಲ್ಲದ್ದು ನಾನು ಏನು ತಂದಿಡಲಿ?"

ಕೇಳಿದವಳು ನಾಗವೇಣಿ. ತಾಲ್ಲೂಕು ಊರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಬ್ಯೂಟಿ ಪಾರ್ಲರ್ ಇದೆ, ಅದರ ಎದುರಿಗೇ ಇನ್ನೊಬ್ಬಳದು. ಕೇಳಿಸಿಕೊಂಡವರು ಬಸಲಿಂಗಮ್ಮನವರು. ಊರ ಹೊರಗಿನ ಸಣ್ಣ ಮಠದಲ್ಲಿ ಇರುವ ಹಿರಿಯ ಸನ್ಯಾಸಿನಿ. ಮಂಗಳವಾರ ಪಾರ್ಲರಿಗೆ ರಜೆ. ಆ ದಿನ ನಾಗವೇಣಿ ಮಠಕ್ಕೆ ಬಂದು ಅವರ ಮಾತು ಕೇಳಿ ಹೋಗುತ್ತಾಳೆ. ಈ ಮಂಗಳವಾರ ಕೈ ಮುಗಿಯುವುದನ್ನೂ ಮರೆತು ಕೇಳಿದಳು.

"ಅವಳ ಹತ್ತಿರ ಏನೇನಿದೆ?" ಎಂದರು ಬಸಲಿಂಗಮ್ಮನವರು.

ನಾಗವೇಣಿ ಬೆರಳು ಮಡಚುತ್ತಾ ಹೋದಳು. "ವಿಟಮಿನ್ ಸಿ ಸೀರಮ್ ಇದೆ. ನಿಯಾಸಿನಮೈಡ್ ಇದೆ. ಇದ್ದಿಲಿನ ಮಾಸ್ಕ್ ಇದೆ. ಕೊರಿಯಾದವರ ಅಕ್ಕಿ ತೊಳೆದ ನೀರಿನ ಕ್ರೀಮ್ ಇದೆ. ಈಗ ಬಸವನಹುಳುವಿನ ಲೋಳೆಯನ್ನೂ ತರಿಸಿದ್ದಾಳಂತೆ. ಹೆಸರನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆಸಿ ಬಾಗಿಲಿನ ಗಾಜಿಗೆ ಅಂಟಿಸಿದ್ದಾಳೆ. ಅದನ್ನು ಓದಿಯೇ ಜನ ಒಳಗೆ ನುಗ್ಗುತ್ತಾರೆ. ಅದರಲ್ಲಿ ಅರ್ಧ ಹೆಸರು ಅವಳ ಬಾಯಲ್ಲೇ ಹೊರಳುವುದಿಲ್ಲ, ಅವ್ವಾ."

"ನಿನ್ನ ಹತ್ತಿರ ಏನಿದೆ?"

"ನನ್ನ ಹತ್ತಿರವೂ ಅಷ್ಟೂ ಇದೆ."

"ಬಸವನಹುಳು?"

"ನಾಳೆ ಬರುತ್ತದೆ."

ಬಸಲಿಂಗಮ್ಮನವರು ನಗಲಿಲ್ಲ. ಕೂರು ಎಂದು ಚಾಪೆ ತೋರಿಸಿದರು. ಅವಳು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಮದುಮಗಳ ಮುಖಕ್ಕೆ ಹಚ್ಚುವ ಪುಡಿ ಬೀಸುತ್ತಿದ್ದಳು. ಕೆಲಸ ಅತ್ತೆಯಿಂದ ಬಂದದ್ದು. ಪುಡಿಯಲ್ಲಿ ಇದ್ದದ್ದು ಮೂರೇ. ಹೆಸರುಹಿಟ್ಟು, ಕಸ್ತೂರಿ ಅರಿಶಿನ, ಒಣಗಿದ ಗುಲಾಬಿ ಎಸಳು. ಪುಡಿಯನ್ನು ಗಡಿಗೆಗೆ ತುಂಬಿ ಕೊಡುತ್ತಿದ್ದಳು. ಮದುವೆಗೆ ಮೊದಲು ಐದು ದಿನ ಮನೆಯವರು ಅದನ್ನು ಹಾಲಿನ ಕೆನೆಯಲ್ಲಿ ಕಲಸಿ ಹುಡುಗಿಯ ಮುಖಕ್ಕೆ ಹಚ್ಚುತ್ತಿದ್ದರು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಪುಡಿ ಬೀಸಿದವಳು ಗಡಿಗೆ ಕೊಡುವ ಹಿಂದಿನ ದಿನ ಅದೇ ಪುಡಿಯನ್ನು ಕಲಸಿ ತನ್ನ ಬಲಗೈಗೆ, ಮೊಣಕೈಯ ಒಳಗಡೆ, ಹಚ್ಚಿಕೊಳ್ಳಬೇಕು. ಮರುದಿನ ಮದುಮಗಳ ತಾಯಿ ಬಂದಾಗ ಆ ಕೈಯನ್ನು ಚಾಚಬೇಕು. ತಾಯಿ ಮುಟ್ಟಿ ನೋಡಬೇಕು. ಚರ್ಮ ಚೆನ್ನಾಗಿದ್ದರೆ ಗಡಿಗೆ ಮದುವೆಮನೆಗೆ. ಇಲ್ಲದಿದ್ದರೆ ತಿಪ್ಪೆಗೆ. ಆ ಹೆಂಗಸಿನ ಒಂದು ಗಡಿಗೆಯೂ ತಿಪ್ಪೆಗೆ ಹೋಗಿರಲಿಲ್ಲ.

ಹೀಗಿರುವಾಗ ಬೀದಿಯ ಆಚೆ ಬದಿಗೆ ಇನ್ನೊಬ್ಬ ಹೆಂಗಸು ಬಂದು ನೆಲೆಸಿದಳು. ಅವಳದೂ ಇದೇ ಕೆಲಸ. ಹೊಸಬಳೆಂದು ನಾಲ್ಕು ಮನೆಯವರು ಅಲ್ಲಿಗೆ ಹೋದರು. ನಾಲ್ಕೇ ಮನೆ.

ಆ ನಾಲ್ಕು ಮನೆ ಇವಳ ಗಂಟಲಲ್ಲಿ ಸಿಕ್ಕಿಕೊಂಡವು. ಅಲ್ಲಿಯವರೆಗೆ ಅವಳ ಬೀಸುವ ಕಲ್ಲು ಗೋಡೆಯ ಕಡೆಗೆ ಇತ್ತು. ಅದನ್ನು ಎತ್ತಿಸಿ ಬಾಗಿಲ ಕಡೆಗೆ ಇರಿಸಿಕೊಂಡಳು. ಕೈ ಕಲ್ಲಿನ ಗೂಟದ ಮೇಲೆ, ಕಣ್ಣು ಎದುರಿನ ಹೊಸ್ತಿಲ ಮೇಲೆ. ಅಲ್ಲಿಂದ ಪುಡಿ ಒಯ್ದ ಹುಡುಗಿಯ ಮುಖ ಹೊಳೆದರೆ, "ಅವಳು ಹುಟ್ಟಿದಾಗಲೇ ಹಾಗಿದ್ದಳು" ಎನ್ನುತ್ತಿದ್ದಳು. ಮುಖ ಮಂಕಾಗಿದ್ದರೆ ಆ ದಿನ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು.

ಒಂದು ದಿನ ನಾದಿನಿಯನ್ನು ಕಳಿಸಿ ಎದುರಿನವಳ ಪುಡಿಯನ್ನು ತರಿಸಿದಳು. ಮೂಸಿದಳು. ನಾಲಿಗೆಯ ತುದಿಗೆ ಇಟ್ಟುಕೊಂಡಳು.

"ಅತ್ತಿಗೆ, ಇದು ನಮ್ಮದರ ಹಾಗೇ ಇದೆ" ಎಂದಳು ನಾದಿನಿ.

"ನಿನಗೆ ನೆಗಡಿಯಾಗಿದೆ. ಇದರಲ್ಲಿ ಕೇಸರಿ ಇದೆ" ಎಂದಳು ಇವಳು. ಎದ್ದು ಗಿಡಮೂಲಿಕೆಯ ಅಂಗಡಿಗೆ ನಡೆದಳು.

ಅಂಗಡಿಯವನು ಮಾತು ಬಲ್ಲವನು. ಕೇಸರಿಯನ್ನು ಕಟ್ಟಿಕೊಟ್ಟು ಹೇಳಿದ.

"ಎದುರಿನ ಮನೆಯವರು ನಿನ್ನೆ ರಕ್ತಚಂದನ ಒಯ್ದರು ಅಕ್ಕ. ನಿಮಗೆಂದೇ ಒಂದು ಪೊಟ್ಟಣ ತೆಗೆದಿಟ್ಟಿದ್ದೇನೆ."

"ಅವಳು ಎಷ್ಟು ಒಯ್ದಳು?"

"ಅದನ್ನೆಲ್ಲ ಹೇಳಬಾರದು. ಒಂದು ಪಾವು."

"ನನಗೆ ಎರಡು ಕೊಡು."

ಹೀಗೆ ಕೇಸರಿ ಬಂತು, ರಕ್ತಚಂದನ ಬಂತು. ಮಂಜಿಷ್ಠ ಬಂತು, ಜ್ಯೇಷ್ಠಮಧು ಬಂತು. ಬಣ್ಣ ತಿಳಿಯಾಗಲು ನಿಂಬೆಯ ಸಿಪ್ಪೆ ಬಂತು. ಕೆನ್ನೆ ಕೆಂಪಾಗಲು ದಾಲ್ಚಿನ್ನಿ ಬಂತು. ಹೆಸರೇ ಗೊತ್ತಿಲ್ಲದ ಎರಡು ಬೇರೂ ಬಂದವು. ಯಾವುದನ್ನು ಏಕೆ ಹಾಕಬೇಕೆಂದು ಅಂಗಡಿಯವನು ಒಂದೊಂದಕ್ಕೂ ಒಂದೊಂದು ಕಾರಣ ಹೇಳಿದ. ಅವಳು ಕಾರಣ ಕೇಳಲಿಲ್ಲ. ಎದುರಿನವಳು ಒಯ್ದಳೋ ಇಲ್ಲವೋ ಎಂದಷ್ಟೇ ಕೇಳಿದಳು. ಮೂರಿದ್ದ ಪುಡಿ ಹನ್ನೊಂದಾಯಿತು.

ಒಂದು ದಿನ ಒಬ್ಬ ನೇಕಾರನ ಹೆಂಡತಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಗೆ ಎಂಟನೆಯ ದಿನ ಮದುವೆ. ಮನೆಯ ನೆರಳಿನಲ್ಲಿ ಕೂತು ನೂಲು ಸುತ್ತಿ ಬೆಳೆದವಳು. ಸ್ವಲ್ಪ ಬಿಸಿಲು ಬಿದ್ದರೂ ಅವಳ ಕೆನ್ನೆ ಕೆಂಪೇರುತ್ತಿತ್ತು.

ತಾಯಿ ಹೇಳಿದಳು. "ನನ್ನ ಮಗಳದು ತೆಳು ಚರ್ಮ ಕಣಮ್ಮ. ನನ್ನ ಮದುವೆಗೆ ನಿನ್ನ ಅತ್ತೆ ಬೀಸಿ ಕೊಟ್ಟಿದ್ದರು. ಅದನ್ನೇ ಕೊಡು."

"ಅದನ್ನು ಈಗ ಯಾರು ಹಚ್ಚುತ್ತಾರೆ? ಎದುರಿನವಳು ಎಂಟು ಹಾಕುತ್ತಾಳೆ. ನನ್ನದರಲ್ಲಿ ಹನ್ನೊಂದಿದೆ."

ಮೂರನ್ನು ಕೇಳಲು ಬಂದ ತಾಯಿಗೆ ಹನ್ನೊಂದು ಎಂದ ಕೂಡಲೇ ಮೂರು ಸಾಲದು ಎನಿಸಿತು. ಹನ್ನೊಂದರದ್ದೇ ಇರಲಿ ಎಂದು ಹೇಳಿ ಹೋದಳು.

ಹೆಂಗಸು ಪುಡಿ ಬೀಸಿದಳು. ಪದ್ಧತಿಯಂತೆ ಬಲಗೈಗೆ ಹಚ್ಚಿಕೊಂಡಳು. ಸಂಜೆಗೆ ಉರಿ ಹತ್ತಿತು. ಬೆಳಿಗ್ಗೆ ನೋಡಿದರೆ ಅಂಗೈ ಅಗಲ ಕೆಂಪು ದದ್ದು ಎದ್ದಿತ್ತು. ಹನ್ನೊಂದರಲ್ಲಿ ಸುಟ್ಟದ್ದು ಯಾವುದು ಎಂದು ಅವಳಿಗೆ ತಿಳಿಯಲಿಲ್ಲ. ಮೂರೇ ಇದ್ದಿದ್ದರೆ ತಿಳಿಯುತ್ತಿತ್ತು.

ನೇಕಾರನ ಹೆಂಡತಿ ಬರಲು ಇನ್ನೂ ಹೊತ್ತಿತ್ತು. ಹಳೆಯ ಪುಡಿಯನ್ನು ಬೀಸಬಹುದಿತ್ತು. ಹೆಸರುಹಿಟ್ಟು ಮನೆಯಲ್ಲಿತ್ತು, ಅರಿಶಿನ ಇತ್ತು, ಗುಲಾಬಿಯೂ ಇತ್ತು. ಕಲ್ಲಿನ ಮುಂದೆ ಕೂತಳು. ಕಣ್ಣು ಎದುರಿನ ಬಾಗಿಲಿಗೆ ಹೋಯಿತು. ಇಬ್ಬರು ಹೆಂಗಸರು ನಗುತ್ತಾ ಒಳಗೆ ಹೋಗುತ್ತಿದ್ದರು. ಮೂರಕ್ಕೆ ಇಳಿದಳಂತೆ ಎಂದು ನಾಳೆ ಅಲ್ಲಿ ನಗುತ್ತಾರೆ. ಹಾಗೆಂದುಕೊಂಡು ಎದ್ದುಬಿಟ್ಟಳು.

ತಾಯಿ ಮಗಳು ಬಂದರು. ಹೆಂಗಸು ಬಲಗೈಗೆ ಸೆರಗು ಸುತ್ತಿಕೊಂಡಿದ್ದಳು. ಎಡಗೈ ಚಾಚಿದಳು.

ತಾಯಿ ಮುಟ್ಟಿ ನೋಡಿ, "ಬೆಣ್ಣೆಯ ಹಾಗಿದೆ" ಎಂದಳು. ಯಾವ ಕೈ ಎಂದು ಅವಳು ನೋಡಲಿಲ್ಲ. ಆ ಊರಿನಲ್ಲಿ ಯಾರೂ ನೋಡುತ್ತಿರಲಿಲ್ಲ, ನೋಡುವ ಪ್ರಸಂಗ ಬಂದಿರಲಿಲ್ಲ.

ಹುಡುಗಿ ಮಾತ್ರ ಮೆಲ್ಲಗೆ ಕೇಳಿದಳು. "ಅತ್ತೆ, ಉರಿಯುವುದಿಲ್ಲ ತಾನೇ?"

"ಸ್ವಲ್ಪ ಉರಿಯುತ್ತದೆ. ಉರಿದರೆ ಪುಡಿ ಕೆಲಸ ಮಾಡುತ್ತಿದೆ ಎಂದು ತಿಳಿದುಕೋ. ತೊಳೆಯಬೇಡ."

ಕತೆ ಕೇಳುತ್ತಿದ್ದ ನಾಗವೇಣಿ ಇಲ್ಲಿ ಒಮ್ಮೆ ಕೆಮ್ಮಿದಳು. ಗಿರಾಕಿಗಳಿಗೆ ಅವಳು ಹೇಳುವ ಮಾತೂ ಇದೇ. ಬಸಲಿಂಗಮ್ಮನವರು ಅವಳ ಕಡೆ ನೋಡದೆ ಮುಂದುವರಿಸಿದರು.

ಮೂರನೆಯ ದಿನ ನೇಕಾರರ ಓಣಿಯಿಂದ ಒಬ್ಬ ಮುದುಕಿ ಬಂದು ಹೇಳಿದಳು. "ನಿನ್ನ ಪುಡಿ ಹಚ್ಚಿದ ಹುಡುಗಿ ಕಣ್ಣು ಬಿಡುತ್ತಿಲ್ಲ. ಮುಖವೆಲ್ಲ ಊದಿದೆ. ಬಾ, ಏನಾದರೂ ಮಾಡು."

ಇದು ಎದುರಿನವಳಿಗೆ ಗೊತ್ತಾಯಿತೇ? ಹೆಂಗಸಿಗೆ ಮೊದಲು ಹೊಳೆದದ್ದು ಅದು. ಚಪ್ಪಲಿ ಮೆಟ್ಟಿ ಹೊರಟಳು. ಓಣಿಯ ಕಡೆ ತಿರುಗಲಿಲ್ಲ. ಬೀದಿ ದಾಟಿದಳು. ಇಷ್ಟು ದಿನ ಕಣ್ಣಿನಿಂದ ದಾಟುತ್ತಿದ್ದ ಬೀದಿಯನ್ನು ಕಾಲಿನಿಂದ ದಾಟಿದ್ದು ಅದೇ ಮೊದಲು.

ಎದುರಿನವಳು ಕಲ್ಲಿನ ಮುಂದೆ ಕೂತಿದ್ದಳು. ಅವಳ ಕಲ್ಲೂ ಬಾಗಿಲ ಕಡೆಗೇ ಇತ್ತು.

"ನೀನು ದಾಲ್ಚಿನ್ನಿ ಹಾಕಿದೆ ಎಂದು ನಾನೂ ಹಾಕಿದೆ. ನಿನ್ನ ಗಿರಾಕಿಗಳಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಏಕೆ ಹೀಗಾಯಿತು? ಅದರ ಜೊತೆಗೆ ಇನ್ನೇನು ಹಾಕುತ್ತೀಯ, ಹೇಳು!"

"ನಾನು ಹಾಕಿದೆನೇ? ನೀನು ಒಯ್ದೆ ಎಂದು ಅಂಗಡಿಯವನು ಹೇಳಿದ. ಅದಕ್ಕೇ ನಾನು ತಂದೆ."

"ಸುಳ್ಳುಬುರುಕಿ! ಕೇಸರಿ ತಂದು ಇದನ್ನೆಲ್ಲ ಶುರು ಮಾಡಿದವಳು ನೀನು."

"ಕೇಸರಿಯೇ? ಅದು ಘಮ್ ಎನ್ನುತ್ತಿದ್ದದ್ದು ನಿನ್ನ ಬಾಗಿಲಿನಿಂದ, ಮಹಾತಾಯಿ. ನಾನು ಬಂದಾಗ ನನ್ನ ಗಡಿಗೆಯಲ್ಲಿ ಇದ್ದದ್ದು ಮೂರೇ."

ಅಂಥ ಬಿಸಿಲಿನಲ್ಲೂ ಎದುರಿನವಳು ಬಲಗೈಗೆ ಸೆರಗು ಸುತ್ತಿಕೊಂಡಿದ್ದಳು. ಇವಳು ಅದನ್ನು ಹಿಡಿದೆಳೆದಳು. ಮೊಣಕೈಯ ಒಳಗಡೆ ಅದೇ ದದ್ದು. ಎದುರಿನವಳು ಬಿಟ್ಟಾಳೆಯೇ, ಅವಳೂ ಇವಳ ಸೆರಗು ಎಳೆದಳು. ಎರಡು ಬಲಗೈಗಳು ಒಂದರ ಪಕ್ಕ ಒಂದು ನಿಂತವು.

"ನನ್ನದು ನಿನ್ನದರಷ್ಟು ಕೆಂಪಿಲ್ಲ" ಎಂದಳು ಒಬ್ಬಳು.

"ಕಣ್ಣು ತೆರೆದು ನೋಡು, ನಿನ್ನದೇ ಕೀವು ಕಟ್ಟಿದೆ" ಎಂದಳು ಇನ್ನೊಬ್ಬಳು.

ಯಾರ ದದ್ದು ಚಿಕ್ಕದು ಎಂಬ ಜಗಳಕ್ಕೆ ಬೀದಿಯೇ ನೆರೆಯಿತು. ಇಬ್ಬರೂ ಎಡಗೈ ತೋರಿಸಿ ಗಡಿಗೆ ಕೊಟ್ಟಿದ್ದರು ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಆಮೇಲೆ ಈ ಹೆಂಗಸಿನ ಕೈ ಮುಟ್ಟಲು ಯಾವ ತಾಯಿಯೂ ಬರಲಿಲ್ಲ. ಅವಳ ಬೀಸುವ ಕಲ್ಲಿನ ಮೇಲೆ ಕೋಳಿಗಳು ಕೂರತೊಡಗಿದವು.

ಬಸಲಿಂಗಮ್ಮನವರು ಕತೆ ನಿಲ್ಲಿಸಿದರು.

ನಾಗವೇಣಿಗೆ ನಗು ತಡೆಯಲಾಗಲಿಲ್ಲ. ದದ್ದಿಗೂ ಪೈಪೋಟಿಯೇ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣು ಒರೆಸಿಕೊಂಡಳು. ಆಮೇಲೆ ಚಾಪೆಯ ಅಂಚನ್ನು ಕೀಳತೊಡಗಿದಳು. ಏನೋ ಒಂದು ಅವಳ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕೊನೆಗೆ ಮುಂದಕ್ಕೆ ಬಾಗಿ ಕೇಳಿಯೇಬಿಟ್ಟಳು.

"ಅವ್ವಾ, ಇವಳ ಅಂಗಡಿ ಮುಚ್ಚಿತು, ಸರಿ. ಆ ಎದುರಿನವಳದು? ಅವಳದೂ ಮುಚ್ಚಿತೋ ಇಲ್ಲವೋ?"

ಬಸಲಿಂಗಮ್ಮನವರು ಅವಳ ಮುಖವನ್ನೇ ನೋಡಿ ಹೇಳಿದರು.

"ಆ ಹುಡುಗಿ ಏನಾದಳು ಎಂದು ನೀನು ಕೇಳಲಿಲ್ಲ, ನಾಗವೇಣಿ."