ಗೆರೆ ದಾಟಿ ಎಳೆದ ಉಸಿರು

ಹೊಳೆದಂಡೆಯ ಮರಳಲ್ಲಿ ಕಬಡ್ಡಿ ಕಲಿಸುತ್ತಿದ್ದ ಪುಟ್ಟಮಾದಯ್ಯನಿಗೆ ಮೂಗಿನ ತುದಿಯಲ್ಲೇ ಕೋಪ. ಶಿಷ್ಯ ಚೆಲುವರಾಜನೂ ಹಾಗೇ. ಕಲಿತದ್ದು ಯಾರ ಹತ್ತಿರ, ಹೇಳಿ!

ಹೋದ ವರ್ಷ ಆಟದಲ್ಲಿ ಎದುರಾಳಿಯೊಬ್ಬ ಹಿಡಿದು ತಿರುಚಿದಾಗ ಚೆಲುವರಾಜನ ಎಡಗಾಲು ಮುರಿದಿತ್ತು. ಮೂಳೆ ಕೂಡಿತು, ಭಯ ಹೋಗಲಿಲ್ಲ. ಯಾರಾದರೂ ಆ ಕಾಲಿಗೆ ಕೈ ಹಾಕಿದರೆ ಸಾಕು, ಕಲ್ಲಾಗಿ ನಿಂತುಬಿಡುತ್ತಿದ್ದ.

ಗುರುವಿಗೆ ಹೇಳದೆ ಪೇಟೆಯ ಮನಸ್ಸಿನ ಡಾಕ್ಟರ ಹತ್ತಿರ ಹೋದ. ಅವರು ಸಮ್ಮೋಹನದ ನಿದ್ದೆಗೆ ಹಾಕಿ ಮನಸ್ಸಲ್ಲಿ ಒಂದು ಮಾತು ಕೂರಿಸಿದರು: ಭಯವಾದಾಗ ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತು. ನಿಧಾನವಾಗಿ ಉಸಿರು ಎಳೆದುಕೋ.

ಪಾಪ, ಡಾಕ್ಟರಿಗೆ ಕಬಡ್ಡಿ ಗೊತ್ತಿದ್ದರೆ ತಾನೆ! ನಡುಗೆರೆ ದಾಟಿದವನು ಒಂದೇ ಉಸಿರಲ್ಲಿ "ಕಬಡ್ಡಿ ಕಬಡ್ಡಿ" ಅನ್ನುತ್ತಿರಬೇಕು. ವಾಪಸ್ ಗೆರೆ ಮುಟ್ಟುವ ತನಕ ಉಸಿರು ಎಳೆಯುವಂತಿಲ್ಲ.

ಈ ವರ್ಷದ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಚೆಲುವರಾಜ ಗೆರೆ ದಾಟಿ ನುಗ್ಗಿದ. ಒಬ್ಬ ಎಡಗಾಲಿಗೆ ಕೈ ಹಾಕಿದ. ಚೆಲುವರಾಜ ಬೆರಳು ಒತ್ತಿದ. ಹಾಯಾಗಿ ಉಸಿರು ಎಳೆದುಕೊಂಡ.

ರೆಫರಿ ಸೀಟಿ ಊದಿದ. ಔಟ್. ನೋಡುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಡ ಗೆದ್ದದ್ದು ಬೇರೆಯವರ ಪುಣ್ಯ.

ಸಂಜೆ ಗುರು ದಂಡೆಯಲ್ಲಿ ಕಾದಿದ್ದ.

"ಗೆರೆ ದಾಟಿದ್ಮೇಲೆ ಉಸಿರು ಎಳೀಬ್ಯಾಡ ಅಂತ ಕಲ್ಸಿ ಕಲ್ಸಿ ನನ್ ಗಡ್ಡ ನೆರೀತು. ನೀನು ಅಲ್ಲೋಗಿ ಗಾಳಿ ಕುಡೀತೀಯೇನ್ಲಾ! ನಾಳೆ ಫೈನಲ್‌ಗೆ ಬರ್ಬ್ಯಾಡ. ಹೋಗು!"

"ಹೋಗಲ್ಲ! ಕಾಲು ಮುರಿದ್ಮೇಲೆ ಒಂದಿನ ಕೇಳಿದ್ರಾ ಗುರುಗಳೇ, ನಿನ್ ಮನ್ಸು ಹೆಂಗೈತೆ ಅಂತ? ಪ್ಯಾಟೆ ಮನ್ಸಿನ ಡಾಕ್ಟ್ರು ಕೇಳಿದ್ರು. ಅದಕ್ಕೇ ಹೋದೆ! ಭಯ ಆದ್ರೆ ಬೆರಳು ಒತ್ತಿ ಉಸಿರು ಎಳ್ಕೋ ಅಂದ್ರು, ಎಳ್ಕೊಂಡೆ!"

ಮಾತು ನಿಜ. ನಿಜ ಅಂತ ಗೊತ್ತಾದ ಮೇಲೆ ಪುಟ್ಟಮಾದಯ್ಯನ ಕೋಪ ಇನ್ನೂ ಏರಿತು.

ಹಿಮ್ಮಡಿಯಿಂದ ಮರಳಲ್ಲಿ ಗೆರೆ ಎಳೆದು, ಆಚೆ ಹೋಗಿ ನಿಂತ.

"ಡಾಕ್ಟ್ರು ಹೇಳಿದ್ದು ಸರಿಯಾಗೇ ಐತೆ. ಬೆರಳು ಒತ್ತು, ಉಸಿರು ಎಳ್ಕೋ. ಆದ್ರೆ ನಿನ್ ಕಡೆ ನಿಂತ್ಕೊಂಡು ಎಳ್ಕೋ. ಆಮೇಲೆ ಬಾ."

ಚೆಲುವರಾಜ ಹಲ್ಲು ಕಚ್ಚಿ ಬೆರಳು ಒತ್ತಿದ. ಎದೆ ತುಂಬ ಉಸಿರು ತುಂಬಿಕೊಂಡ. "ಕಬಡ್ಡಿ ಕಬಡ್ಡಿ" ಎನ್ನುತ್ತಾ ದಾಟಿದ.

ಮುದುಕ ದಬಕ್ಕನೆ ಬಿದ್ದು ಅದೇ ಎಡಗಾಲನ್ನು ಎರಡೂ ಕೈಯಲ್ಲಿ ತಬ್ಬಿದ.

ಶಿಷ್ಯ ಕಲ್ಲಾದ. ದನಿ ನಡುಗಿತು.

"ಮುರೀಲೇನ್ಲಾ?" ಗುರು ಅಬ್ಬರಿಸಿದ. "ಇನ್ನೊಂದ್ಸಲ ಮುರೀಲಾ?"

ಚೆಲುವರಾಜನ ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ಸಿಟ್ಟು. ನಡುಗುವ ದನಿಯಲ್ಲೇ "ಕಬಡ್ಡಿ ಕಬಡ್ಡಿ" ಎಂದು ಕೂಗುತ್ತಾ ಮುದುಕನನ್ನು ಮರಳ ಮೇಲೆ ದರದರ ಎಳೆದ. ಮುಂದಕ್ಕೆ ಬಿದ್ದು, ಕೈ ಚಾಚಿ ಗೆರೆ ಮುಟ್ಟಿದ.

ಗುರು ಕಾಲು ಬಿಟ್ಟಿರಲಿಲ್ಲ. ಮುಖವೆಲ್ಲ ಮರಳು.

"ಭಯ ಹೋಯ್ತಾ?"

"ಇಲ್ಲ!" ಶಿಷ್ಯ ಕಿರುಚಿದ. "ಹೋಗಿಲ್ಲ! ಇನ್ನೂ ಅಲ್ಲೇ ಕಚ್ಕೊಂಡೈತೆ!"

ಪುಟ್ಟಮಾದಯ್ಯ ಬಾಯಲ್ಲಿದ್ದ ಮರಳು ಉಗುಳಿದ.

"ನನ್ನ ಎಳ್ಕೊಂಡು ಬಂದ್ಯಲ್ಲ. ನಾಳೆ ಅದನ್ನೂ ಹಂಗೇ ಎಳ್ಕೊಂಡು ಬಾ."