ಮಾಳಜ್ಜಿ ಕಾಗೆಗೆ ಹಾಕಿದ ಹೆಪ್ಪು

ಆಗಿನ್ನೂ ಲೋಕಕ್ಕೆ ಬಳಿದ ಸುಣ್ಣ ಒಣಗಿರಲಿಲ್ಲ. ಬೆಟ್ಟ ಮುಟ್ಟಿದರೆ ಕೈಗೆ ಹಸಿ ಮಣ್ಣು ಮೆತ್ತುತ್ತಿತ್ತು. ಗಾಳಿಗೆ ಯಾವ ಕಡೆ ಬೀಸಬೇಕು ಅಂತ ಸರಿಯಾಗಿ ಗೊತ್ತಿರಲಿಲ್ಲ, ಪಾಪ, ಸುಮ್ಮನೆ ಹೋಗಿ ಬಂದು ಹೋಗಿ ಬಂದು ಮಾಡುತ್ತಿತ್ತು. ಮನುಷ್ಯರು ಮಾತ್ರ ಎಲ್ಲರೂ ಒಟ್ಟಿಗೆ ಇರೋಣ ಅಂದುಕೊಂಡು ಹೊಳೆಯ ದಂಡೆಯಲ್ಲಿ ಒಂದು ಬೀದಿ ಕಟ್ಟಿಕೊಂಡಿದ್ದರು. ಲೋಕಕ್ಕೆಲ್ಲ ಅದೊಂದೇ ಬೀದಿ. ಅದರಲ್ಲಿ ಎಂಟು ಮನೆ, ತುದಿಯಲ್ಲಿ ಒಂದು ಹೊಂಗೆಮರ.

ಹೊಂಗೆಮರದ ಪಕ್ಕದ ಮನೆ ಮಾಳಜ್ಜಿಯದು. ಅಜ್ಜಿಯ ಮೈ ಹಿಡಿಯಷ್ಟು, ದನಿ ಮಾತ್ರ ಬೆಟ್ಟದಷ್ಟು. ದಿನಾ ಅನ್ನ ಬಸಿದು ಕೆಳಗಿಟ್ಟ ಕೂಡಲೇ ಜಗಲಿಗೆ ಬಂದು ಸೆರಗು ಸಿಕ್ಕಿಸಿಕೊಂಡು ಕೂಗುತ್ತಿದ್ದಳು.

"ಅನ್ನ ಆಯ್ತು, ಬನ್ರೋಓಓ! ಉಣ್ಣದೆ ಯಾರಾದ್ರೂ ಇದ್ರೆ ಬನ್ರೋಓಓ!"

ಆ ಕೂಗು ಹೊಳೆ ದಾಟಿ ಹೋಗಿ ಬೆಟ್ಟಕ್ಕೆ ಬಡಿಯುತ್ತಿತ್ತು. ಬೆಟ್ಟ ಬೆಚ್ಚಿಬಿದ್ದು "ಓಓ" ಅನ್ನುತ್ತಿತ್ತು. ಉಣ್ಣದವರೂ ಬರುತ್ತಿದ್ದರು, ಉಂಡವರೂ ಬರುತ್ತಿದ್ದರು. ಮಾಳಜ್ಜಿಯ ಮೊಸರು ಅಂದರೆ ಯಾರು ಬಿಡುತ್ತಾರೆ ಹೇಳು? ಬೀದಿಯ ಯಜಮಾನ ದ್ಯಾವಣ್ಣನಂತೂ ಎಲ್ಲರಿಗಿಂತ ಮುಂಚೆ ತಟ್ಟೆ ಹಿಡಿದು ಬರುತ್ತಿದ್ದ. ಅವನನ್ನು ಯಜಮಾನ ಅಂತ ಯಾರೂ ಮಾಡಿರಲಿಲ್ಲ, ತಾನೇ ಆಗಿದ್ದ. ಉಂಡಾದ ಮೇಲೆ ಒಂದು ನಿದ್ದೆ ಹೊಡೆಯುವುದು ಅವನ ದೊಡ್ಡ ಕೆಲಸ.

ಇನ್ನು ಕಾಗೆ. ಈಗಿನ ಹಾಗೇ ಕಪ್ಪಗೆ, ಈಗಿನ ಹಾಗೇ ಜಾಣ. ದನಿ ಮಾತ್ರ ಒಣ ಎಲೆ ನೆಲಕ್ಕೆ ಬಿದ್ದಷ್ಟು ಸಣ್ಣ. ಹೌದು ಕಂದ, ಕಾಗೆಗೇ! ನಂಬದಿದ್ದರೆ ಬಿಡು, ಕಥೆ ಕೇಳು.

ಒಂದು ದಿನ ಆ ಕಾಗೆ ಮಾಳಜ್ಜಿಯ ಜಗಲಿಗೆ ಬಂದು "ಅಜ್ಜಿ" ಅಂದಿತು. ಅಜ್ಜಿಗೆ ಕೇಳಿಸಲಿಲ್ಲ. ಮತ್ತೆ "ಅಜ್ಜೀ" ಅಂದಿತು. ಆಗಲೂ ಕೇಳಿಸಲಿಲ್ಲ. ಕೊನೆಗೆ ಕೊಕ್ಕಿನಿಂದ ಸೆರಗು ಹಿಡಿದು ಎಳೆಯಿತು.

"ಅಯ್ಯೋ, ನೀನೇನೋ! ಬಾಯಿ ಬಿಟ್ಟು ಹೇಳಬಾರದಾ?"

"ಬಾಯಿ ಬಿಟ್ಟೇ ಹೇಳ್ತಿದ್ದೀನಿ ಅಜ್ಜಿ. ನನಗೆ ಬರೋದೇ ಇಷ್ಟು."

ಅಜ್ಜಿ ಕಿವಿಯನ್ನು ಅದರ ಕೊಕ್ಕಿನ ಹತ್ತಿರ ಹಿಡಿದಳು. ಕಾಗೆ ತನ್ನ ಕಷ್ಟ ಹೇಳಿಕೊಂಡಿತು. "ಎಲ್ಲಾದ್ರೂ ಅತ್ತಿಹಣ್ಣು ಕಂಡರೆ ಹೆಂಡತಿ ಮಕ್ಕಳನ್ನ ಕರೆಯೋಕೆ ದನಿ ಇಲ್ಲ. ಹಾರಿ ಹೋಗಿ ಕರ್ಕೊಂಡು ಬರೋ ಹೊತ್ತಿಗೆ ಗೊರವಂಕಗಳು ಎಲ್ಲಾ ಖಾಲಿ ಮಾಡಿರ್ತಾವೆ. ನಾನೊಬ್ಬನೇ ತಿನ್ನೋಣ ಅಂದ್ರೆ ಗಂಟಲಲ್ಲಿ ಇಳಿಯಲ್ಲ ಅಜ್ಜಿ."

ಮಾಳಜ್ಜಿ ಅದರ ಬೆನ್ನು ಸವರಿದಳು. ಒಬ್ಬಳೇ ಕೂತು ಉಂಡರೆ ಅವಳಿಗೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಅಷ್ಟೇನಾ? ಇರು, ನನ್ನ ದನಿಯಲ್ಲೇ ಒಂದು ತೊಟ್ಟು ಕೊಡ್ತೀನಿ" ಅಂದಳು.

ಆಗಿನ ಕಾಲದಲ್ಲಿ ದನಿಯನ್ನೂ ಹೆಪ್ಪಿನ ಹಾಗೆ ಇಸಿದುಕೊಳ್ಳಬಹುದಿತ್ತು. ನಿಮ್ಮನೆಯಲ್ಲೂ ನೋಡಿದ್ದೀಯಲ್ಲ? ಮೊಸರು ಪೂರ್ತಿ ಮುಗಿದುಹೋದ ದಿನ ಅಮ್ಮ ಕೈಗೆ ಲೋಟ ಕೊಟ್ಟು "ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ಇಸ್ಕೊಂಡು ಬಾ" ಅಂತ ಕಳಿಸುತ್ತಾಳೆ. ಆ ಒಂದು ಚಮಚ ಮೊಸರನ್ನು ಹಾಲಿಗೆ ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು. ದನಿಯೂ ಹಾಗೇ.

ಮಾಳಜ್ಜಿ ಕರಟದಲ್ಲಿ ಹೊಳೆಯ ನೀರು ತುಂಬಿಕೊಳ್ಳಲು ಬಗ್ಗಿದಳು. ಹೊಳೆ ಕೇಳಿತು, "ಮಾಳವ್ವಾ, ಯೋಚನೆ ಮಾಡಿದ್ದೀಯಾ?"

"ಒಂದೇ ಒಂದು ತೊಟ್ಟು ಕಣೇ. ಒಂದು ತೊಟ್ಟಿನಿಂದ ಏನಾದೀತು?"

ನೋಡು, ಲೋಕ ಹುಟ್ಟಿದಾಗಿನಿಂದ ಮೊಸರು ಮಾಡುತ್ತಿದ್ದ ಹೆಂಗಸು! ಒಂದು ತೊಟ್ಟಿನಿಂದ ಏನಾಗುತ್ತೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಕನಿಕರ ಉಕ್ಕಿದಾಗ ಬುದ್ಧಿ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತೆ. ಅಜ್ಜಿ ಕರಟವನ್ನು ಬಾಯಿಯ ಹತ್ತಿರ ಹಿಡಿದು "ಬನ್ರೋ" ಅಂತ ಮೆಲ್ಲಗೆ ಅಂದು, ಆ ನೀರನ್ನು ಕಾಗೆಯ ಗಂಟಲಿಗೆ ಹೊಯ್ದಳು.

"ಹೋಗು, ಅಲ್ಲಾಡದೆ ಮಲಕ್ಕೋ. ಹೆಪ್ಪು ಕೂರಬೇಕು" ಅಂತ ಹೇಳಿ ಕಳಿಸಿದಳು.

ಬೆಳಕು ಹರಿಯಿತು.

"ಕಾಆಆ!"

ದ್ಯಾವಣ್ಣ ಜಗಲಿಯಿಂದ ಉರುಳಿ ಕೆಳಗೆ ಬಿದ್ದ. "ಇಷ್ಟು ಹೊತ್ತಿಗೇ ಅನ್ನ ಆಯ್ತಾ?" ಅಂತ ಮೊಣಕಾಲು ಉಜ್ಜಿಕೊಳ್ಳುತ್ತಾ ತಟ್ಟೆ ಹುಡುಕಿದ.

ಕಾಗೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೆಂಡತಿಗೂ ಒಂದು ತೊಟ್ಟು ದನಿ ಕೊಟ್ಟಿತು. ಹೆಂಡತಿ ತನ್ನ ತಂಗಿಗೆ ಕೊಟ್ಟಳು, ತಂಗಿ ಗಂಡನ ಮನೆಯವರಿಗೆಲ್ಲ ಹಂಚಿದಳು. ಹೆಪ್ಪು ಮನೆಯಿಂದ ಮನೆಗೆ ಹೋಗುವ ಹಾಗೇ ದನಿಯೂ ಗೂಡಿನಿಂದ ಗೂಡಿಗೆ ಹೋಯಿತು. ಹುಣ್ಣಿಮೆ ಬರುವ ಹೊತ್ತಿಗೆ ನಲವತ್ತು ಕಾಗೆ, ನಲವತ್ತು ಮಾಳಜ್ಜಿಯರು!

ಹುಳ ಕಂಡರೆ ಕಾ. ಚಿಂದಿಬಟ್ಟೆ ಕಂಡರೆ ಕಾ. ಏನೂ ಕಾಣದಿದ್ದರೆ, ಯಾಕೆ ಕಾಣಲಿಲ್ಲ ಅಂತ ಕಾ. ಎದುರುಮನೆ ಈರಕ್ಕನಿಗೆ ಮೂರು ತಿಂಗಳ ಕೂಸು. ತೂಗಿ ತೂಗಿ ಇನ್ನೇನು ರೆಪ್ಪೆ ಮುಚ್ಚಬೇಕು, ಅಷ್ಟರಲ್ಲಿ ಮಾಡಿನ ಮೇಲಿಂದ "ಕಾಆಆ!" ಕೂಸು ಕಿರುಚುತ್ತಿತ್ತು, ಕೂಸಿನ ಜೊತೆ ಈರಕ್ಕನೂ ಅಳುತ್ತಿದ್ದಳು. ಬೀದಿಗೆ ಬೀದಿಯೇ ತಲೆಚಿಟ್ಟು ಹಿಡಿದು ಕೂತಿತು.

ದ್ಯಾವಣ್ಣ ಹಿತ್ತಾಳೆ ತಟ್ಟೆ ಬಡಿದು ಕಾಗೆಗಳನ್ನು ಓಡಿಸಲು ಹೋದ. ಅವು ಊಟಕ್ಕೆ ಕರೆಯುತ್ತಿದ್ದಾನೆ ಅಂದುಕೊಂಡು ಹೊಳೆಯಾಚೆಯ ನೆಂಟರನ್ನೂ ಕರೆದುಕೊಂಡು ಬಂದವು. ಈರಕ್ಕ ಕಾಗೆಗಳು ಹೆದರಲಿ ಅಂತ ಕೋಲಿಗೆ ಕರಿಬಟ್ಟೆ ಕಟ್ಟಿ ನಿಲ್ಲಿಸಿದಳು. ತಮ್ಮವರೇ ಯಾರೋ ಸತ್ತು ನೇತಾಡುತ್ತಿದ್ದಾರೆ ಅಂತ ಎಲ್ಲಾ ಕಾಗೆಗಳೂ ಸುತ್ತ ಕೂತು ಸಂಜೆಯವರೆಗೆ ಗೋಳಾಡಿದವು. ಆಮೇಲೆ ಬೀದಿಯವರೆಲ್ಲ ಗಾಳಿಯನ್ನು ಕೇಳಿಕೊಂಡರು, "ಈ ಗಲಾಟೆನ ಪಕ್ಕದ ಬೀದಿಗೆ ಹೊತ್ಕೊಂಡು ಹೋಗಪ್ಪಾ" ಅಂತ. ಗಾಳಿ ಪಾಪ ಹೊತ್ತುಕೊಂಡು ಹೋಯಿತು. ಪಕ್ಕದ ಬೀದಿ ಅಂತ ಲೋಕದಲ್ಲಿ ಇನ್ನೂ ಇರಲೇ ಇಲ್ಲವಲ್ಲ! ಸುತ್ತಾಡಿ ಸುತ್ತಾಡಿ ಸುಸ್ತಾಗಿ ಎಲ್ಲವನ್ನೂ ವಾಪಸ್ ತಂದು ಇದೇ ಬೀದಿಗೆ ಸುರಿಯಿತು.

ಹುಣ್ಣಿಮೆಯ ಸಂಜೆ ಹೊಂಗೆಮರದ ಕೆಳಗೆ ಎಲ್ಲರೂ ಸೇರಿದರು. ದ್ಯಾವಣ್ಣ ನಿದ್ದೆಗೆಟ್ಟ ಕಣ್ಣು ಉಜ್ಜಿಕೊಂಡು ಎದ್ದು ನಿಂತ.

"ಹೆಪ್ಪು ಹಾಕಿದೋರೇ ವಾಪಸ್ ಇಸ್ಕೋಬೇಕು. ಅಮಾವಾಸ್ಯೆವರೆಗೆ ಟೈಮು. ಆಗಲಿಲ್ಲ ಅಂದ್ರೆ ಅಜ್ಜಿ ಹೊಳೆ ಆಚೆಗೆ ಹೋಗಿ ಇದ್ದುಬಿಡಲಿ. ಅವಳ ಹಿಂದೆ ಕಾಗೆಗಳೂ ಹೋಗ್ತಾವೆ."

ಮಾಳಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ದಿನಾ ಅವಳ ಜಗಲಿಯಲ್ಲಿ ಕೂತು ಮೊಸರನ್ನ ಉಂಡವರೆಲ್ಲ ತಲೆ ತಗ್ಗಿಸಿ ಕಾಲಬೆರಳು ನೋಡಿಕೊಳ್ಳುತ್ತಿದ್ದರು. ಒಬ್ಬರೂ ಬೇಡ ಅನ್ನಲಿಲ್ಲ. ಅಜ್ಜಿಗೆ ಅಳು ಒತ್ತರಿಸಿ ಬಂತು, ಆದರೆ ಅವರ ಮುಂದೆ ಅಳಲಿಲ್ಲ. ಅವಳೂ ಕೈಸೇರಿಸಿ ಕಟ್ಟಿದ ಬೀದಿ ಅದು.

ಅಲ್ಲಿಂದ ನೇರವಾಗಿ ಹೊಳೆಯ ಹತ್ತಿರ ಹೋದಳು. "ಕೊಟ್ಟಿದ್ದನ್ನ ವಾಪಸ್ ತೆಗೆದುಕೊಡು ತಾಯಿ" ಅಂದಳು.

"ಮೊಸರನ್ನ ಮತ್ತೆ ಹಾಲು ಮಾಡೋದು ನಿನಗೆ ಗೊತ್ತಾ ಮಾಳವ್ವ?"

"ಇಲ್ಲ."

"ನನಗೂ ಗೊತ್ತಿಲ್ಲ" ಅಂತ ಹೇಳಿ ಹೊಳೆ ಹರಿದುಕೊಂಡು ಹೋಯಿತು.

ಅವತ್ತಿನಿಂದ ಮಾಳಜ್ಜಿ ಕೂಗುವುದನ್ನು ನಿಲ್ಲಿಸಿದಳು. ತನ್ನೊಬ್ಬಳಿಗೆ ಸಾಕಾಗುವಷ್ಟು ಅಕ್ಕಿ ಹಾಕುತ್ತಿದ್ದಳು, ಬಾಗಿಲು ಮುಚ್ಚಿಕೊಂಡು ಎರಡು ತುತ್ತು ನುಂಗುತ್ತಿದ್ದಳು. ತಾನು ಬಾಯಿ ಬಿಟ್ಟರೆ ಇನ್ನೆಲ್ಲಿ ಗಲಾಟೆ ಹೆಚ್ಚುತ್ತೋ ಅಂತ ಅವಳಿಗೆ ಭಯ. ಹೀಗೇ ದಿನ ಕಳೆದು ಅಮಾವಾಸ್ಯೆ ಬಂದೇ ಬಂತು.

ಅವತ್ತು ಅಜ್ಜಿ ಗಂಟುಮೂಟೆ ಕಟ್ಟಿದಳು. ಎರಡು ಸೀರೆ, ಒಂದು ಚೊಂಬು, ಮೊಸರಿನ ಮಡಕೆ. ಹೋಗುವ ಮುಂಚೆ ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಹಾಕಿ, ದಿನಾ ಮಾಡುತ್ತಿದ್ದಷ್ಟೇ ದೊಡ್ಡ ಅಡುಗೆ ಮಾಡಿದಳು. ಯಾಕೆ ಅಂತ ಅವಳಿಗೇ ಗೊತ್ತಿರಲಿಲ್ಲ, ಕೈ ಮಾಡಿಬಿಟ್ಟಿತು. ಮೊಸರು ಹಾಕಿ ಕಲಸಿದಳು. ಒಂದು ತುತ್ತೂ ಗಂಟಲಿಗೆ ಇಳಿಯಲಿಲ್ಲ. ಹೊರಗೆ ಬಂದು ಒಂದು ಹಿಡಿ ಮೊಸರನ್ನವನ್ನು ಗೋಡೆಯ ಮೇಲೆ ಇಟ್ಟಳು. ಅಲ್ಲೇ ಕೂತಿತ್ತು ಅದೇ ಮೊದಲ ಕಾಗೆ.

"ತಗೋ ಮಗನೇ, ನೀನಾದ್ರೂ ಹೊಟ್ಟೆ ತುಂಬ ತಿನ್ನು."

ಕಾಗೆ ಅನ್ನ ನೋಡಿತು. ಬಾಯಲ್ಲಿ ನೀರೂರಿತು. ಆದರೆ ಮುಟ್ಟಲಿಲ್ಲ. ಕತ್ತು ಎತ್ತಿ ಕೂಗಿತು.

"ಕಾಆಆ! ಕಾಆಆ!"

ಮಾಳಜ್ಜಿಯ ಕೂಗಿನ ಅದೇ ಎಳೆತ, ಕೊನೆಯಲ್ಲಿ ಅದೇ ಏರು. ಬೆಟ್ಟ ಬೆಚ್ಚಿಬಿದ್ದು ಓಗೊಟ್ಟಿತು. ಬಳಗದ ಕಾಗೆಗಳು ಹಾರಿ ಬಂದು ಗೋಡೆಯ ಮೇಲೆ ಸಾಲಾಗಿ ಕೂತವು. ಕಾಗೆಗಳು ಬಂದಿದ್ದು ದೊಡ್ಡದಲ್ಲ. ಬೀದಿಯ ಏಳು ಮನೆಗಳ ಬಾಗಿಲೂ ದಡಕ್ಕನೆ ತೆರೆದವು! ಎಲ್ಲರೂ ಹೊರಗೆ ಬಂದು ನಿಂತರು, ಎಲ್ಲರ ಕೈಯಲ್ಲೂ ತಟ್ಟೆ. ಮೊದಲ ತಟ್ಟೆ ದ್ಯಾವಣ್ಣನದು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದ್ಯಾವಣ್ಣ ತಟ್ಟೆಯನ್ನು ಬೆನ್ನ ಹಿಂದೆ ಮಾಡಿಕೊಂಡು, "ನಾನು ಸುಮ್ನೆ... ತಟ್ಟೆ ತೊಳೆಯೋಣ ಅಂತ ಬಂದೆ" ಅಂದ.

ಈರಕ್ಕ ಮಾತ್ರ ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಬಂದಳು. ಅವಳ ಕಣ್ಣು ತುಂಬಿತ್ತು. "ಅಜ್ಜಿ, ನೀನು ಕರೆದೆ ಅಂದ್ಕೊಂಡ್ವಿ. ನೀನು ಕರೆಯೋದು ಬಿಟ್ಟ ಮೇಲೆ ಉಂಡಿದ್ದು ಉಂಡ ಹಾಗೇ ಇಲ್ಲ. ಅವತ್ತು ಮರದ ಕೆಳಗೆ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ತಪ್ಪಾಯ್ತು."

ಅಷ್ಟರಲ್ಲಿ ಒಂದು ಕುಂಟು ಕಾಗೆ ತಡವಾಗಿ, ತೂರಾಡುತ್ತಾ ಬಂದು ಗೋಡೆಯ ಮೇಲೆ ಕೂತಿತು. ಅದಕ್ಕಾಗಿಯೇ ಕಾದಿದ್ದವೋ ಏನೋ, ಆಗ ಎಲ್ಲವೂ ಒಟ್ಟಿಗೆ ಕೊಕ್ಕು ಹಾಕಿದವು. ಅಜ್ಜಿ ಇನ್ನೂ ನಾಲ್ಕು ಹಿಡಿ ತಂದು ಹಾಕಿದಳು.

ಬೀದಿ ಸ್ತಬ್ಧವಾಯಿತು.

ನಲವತ್ತು ಬಾಯಿ, ನಲವತ್ತರಲ್ಲೂ ಮೊಸರನ್ನ! ಎಷ್ಟೋ ದಿನದ ಮೇಲೆ ಹೊಳೆ ಹರಿಯುವ ಸದ್ದು ಕೇಳಿಸಿತು. ಈರಕ್ಕನ ಹೆಗಲ ಮೇಲೆ ಕೂಸು ಕಣ್ಣು ಮುಚ್ಚಿ ಸಣ್ಣಗೆ ಗೊರಕೆ ಹೊಡೆಯಿತು.

"ಅಯ್ಯೋ ಶಿವನೇ" ಅಂತ ದ್ಯಾವಣ್ಣ ಪಿಸುಗುಟ್ಟಿದ. "ಇವುಗಳ ಬಾಯಿ ಮುಚ್ಚಿಸೋದು ಇಷ್ಟು ಸುಲಭವಾ? ನನ್ನ ಹಿತ್ತಾಳೆ ತಟ್ಟೆ ಸುಮ್ನೆ ಸೊಟ್ಟಗಾಯ್ತಲ್ಲ!" ಆಮೇಲೆ ಅಜ್ಜಿಯ ಕಡೆ ತಿರುಗಿ, "ಗಂಟು ಬಿಚ್ಚು ಅಜ್ಜಿ" ಅಂದ.

"ಯಾಕಪ್ಪಾ? ಹೊಳೆ ಆಚೆ ಜಾಗ ಚೆನ್ನಾಗಿದೆಯಂತೆ. ಯಜಮಾನರ ಕಾಟ ಇಲ್ಲವಂತೆ."

ದ್ಯಾವಣ್ಣ ಗಂಟನ್ನು ತಾನೇ ತಲೆಯ ಮೇಲೆ ಹೊತ್ತು ಒಳಗಿಟ್ಟು ಬಂದ. ಹೊರಗೆ ಬಂದವನು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ಬಚ್ಚಿಟ್ಟಿದ್ದ ತಟ್ಟೆಯನ್ನು ಮುಂದಿಟ್ಟುಕೊಂಡು ಕೂತ. ಅಜ್ಜಿಗೆ ನಗು ತಡೆಯಲಾಗಲಿಲ್ಲ.

ಎಲ್ಲರಿಗೂ ಬಡಿಸುತ್ತಾ ಹೇಳಿದಳು, "ಒಂದು ಮಾತು ಕೇಳಿ. ಇನ್ನುಮೇಲೆ ಪ್ರತಿ ಮನೆಯವರೂ ತಾವು ಉಣ್ಣೋ ಮುಂಚೆ ಒಂದು ಹಿಡಿ ಗೋಡೆ ಮೇಲಿಡಿ. ಕೊಟ್ಟರೆ ಸ್ವಲ್ಪ ಹೊತ್ತು ಸುಮ್ಮನಿರ್ತಾವೆ. ಮರೆತ್ರೆ ಕೂಗ್ತಾವೆ, ಕೂಗಲಿ ಬಿಡಿ. ನಾನು ಹೋದ ಮೇಲೂ ನಿಮ್ಮನ್ನ ಊಟಕ್ಕೆ ಕರೆಯೋರು ಯಾರಾದ್ರೂ ಬೇಕಲ್ಲ."

ದ್ಯಾವಣ್ಣ ಮೂಗು ಒರೆಸಿಕೊಂಡು, ಉಪ್ಪಿನಕಾಯಿ ಖಾರ ಅಂದ. ಅವನ ತಟ್ಟೆಯಲ್ಲಿ ಉಪ್ಪಿನಕಾಯಿ ಇರಲೇ ಇಲ್ಲ.

ಆಮೇಲೆ ಲೋಕದಲ್ಲಿ ಎಷ್ಟೋ ಬೀದಿಗಳಾದವು, ಎಷ್ಟೋ ಮನೆಗಳಾದವು. ಮನೆಯ ಮೇಲೆ ಮನೆ, ಮಹಡಿಯ ಮೇಲೆ ಮಹಡಿ ಎದ್ದಿತು. ಮಾಳಜ್ಜಿಯ ಹೆಪ್ಪು ಮಾತ್ರ ಕಾಗೆಯಿಂದ ಕಾಗೆಗೆ ನಡೆದುಕೊಂಡೇ ಬಂತು. ಅದಕ್ಕೇ ಕಂದ, ನಿಮ್ಮ ಕಾಂಪೌಂಡ್ ಗೋಡೆಯ ಮೇಲೆ ಅನ್ನ ಕಂಡ ಕಾಗೆ ತಾನು ತಿನ್ನುವ ಮುಂಚೆ ಕಿವಿ ಕಿತ್ತುಹೋಗುವ ಹಾಗೆ ಬಳಗವನ್ನೆಲ್ಲ ಕೂಗುತ್ತೆ. ಸಂಡಿಗೆ ಕಾಯುತ್ತಾ ಕೂತ ನಿನ್ನ ಅಜ್ಜಿ "ಹುಶ್, ಹೋಗೋಓಓ!" ಅಂತ ಗದರಿದಾಗ ಅದು ಹಾರಿಹೋಗದೆ ಕತ್ತು ಓರೆ ಮಾಡಿ ಅವಳನ್ನೇ ನೋಡುತ್ತೆ ಅಲ್ಲವಾ, ಅದು ಮೊಂಡುತನ ಅಲ್ಲ, ಈ ದನಿಯನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ನೆನಪು ಮಾಡಿಕೊಳ್ಳುತ್ತಿರುತ್ತೆ.